ಸೋಯಾ ಚೀಸ್: ಒಂದೇ ಹಾಲಿನಿಂದ ಮೂರು ಬಗೆ

ಸೋಯಾ ಚೀಸ್ ಮಾಡಿ ನೋಡಿದವರ ದೂರು ಸಾಮಾನ್ಯವಾಗಿ ಎರಡೇ. ಬಿಸಿ ಮಾಡಿದರೆ ಕರಗುವುದಿಲ್ಲ, ಬಾಯಿಗಿಟ್ಟರೆ ಹಸಿ ಕಾಳಿನ ವಾಸನೆ. ನಾನು ಮೊದಲ ಸಲ ಮಾಡಿದ್ದರಲ್ಲಿ ಎರಡೂ ಇದ್ದವು. ಸೋಯಾ ಹಾಲಿಗೆ ನಿಂಬೆರಸ ಹಿಂಡಿ, ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ, ಉಪ್ಪು ಬೆರೆಸಿ, ಬ್ರೆಡ್ ಮೇಲಿಟ್ಟು ಓವನ್ನಿನಲ್ಲಿಟ್ಟಿದ್ದೆ. ಹತ್ತು ನಿಮಿಷ ಬಿಟ್ಟು ತೆಗೆದರೆ ಬ್ರೆಡ್ ಕೆಂಪಗಾಗಿತ್ತು, ಮೇಲಿನ ಚೂರುಗಳು ಇಟ್ಟ ಹಾಗೇ ಕೂತಿದ್ದವು, ಅಂಚು ಮಾತ್ರ ಒಣಗಿ ಗಟ್ಟಿಯಾಗಿತ್ತು. ಅಳತೆಯಲ್ಲಿ ತಪ್ಪಿರಲಿಲ್ಲ. ಹಸುವಿನ ಹಾಲು ಮಾಡುವ ಕೆಲಸವನ್ನೇ ಸೋಯಾದಿಂದಲೂ ಬಯಸಿದ್ದೆ, ತಪ್ಪು ಅಲ್ಲಿತ್ತು.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೆಸೀನ್. ಈ ಕೆಸೀನ್ ಕ್ಯಾಲ್ಸಿಯಂ ಫಾಸ್ಫೇಟಿನ ನೆರವಿನಿಂದ ಸಣ್ಣ ಸಣ್ಣ ಗುಂಪುಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಚೀಸಿಗೆಂದು ಹಾಲು ಒಡೆಸಲು ಬಳಸುವ ರೆನ್ನೆಟ್ ಹಾಕಿದಾಗ ಅದರಲ್ಲಿರುವ ಕೈಮೋಸಿನ್ ಎಂಬ ಕಿಣ್ವ ಕೆಸೀನಿನ ಒಂದು ಭಾಗವನ್ನು ಕತ್ತರಿಸುತ್ತದೆ, ಗುಂಪುಗಳು ಒಂದಕ್ಕೊಂದು ಅಂಟಿಕೊಂಡು ಚೀಸಿನ ಬಲೆ ಹೆಣೆದುಕೊಳ್ಳುತ್ತದೆ. ಬಿಸಿ ತಗುಲಿದರೆ ಆ ಬಲೆ ಸಡಿಲವಾಗುತ್ತದೆ. ಚೀಸ್ ಕರಗುವುದು, ಎಳೆ ಎಳೆಯಾಗಿ ಬರುವುದು ಇದರಿಂದ. ಸೋಯಾದಲ್ಲಿರುವುದು ಬೇರೆಯೇ ಪ್ರೋಟೀನು: ಗ್ಲೈಸಿನಿನ್ ಮತ್ತು ಬೀಟಾ ಕಾಂಗ್ಲೈಸಿನಿನ್. ಉಂಡೆಯಂತೆ ಸುತ್ತಿಕೊಂಡಿರುವ ಇವು ಬಿಸಿಯಾದಾಗ ಬಿಚ್ಚಿಕೊಂಡು ಪರಸ್ಪರ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಮತ್ತೆ ಬಿಸಿ ಮಾಡಿದರೆ ಹಿಡಿತ ಸಡಿಲವಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಹಾಗಾಗಿ ರೆನ್ನೆಟ್ ಇಲ್ಲಿ ಕೆಲಸಕ್ಕೆ ಬಾರದು, ಬರೀ ಒಡೆದ ಸೋಯಾ ಹಾಲು ಎಂದೂ ಕರಗದು.

ಆದ್ದರಿಂದ ಒಲೆ ಹಚ್ಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಚೀಸ್ ಯಾವ ಕೆಲಸಕ್ಕೆ ಬೇಕು? ಬ್ರೆಡ್ಡಿಗೆ ಸವರಲೋ, ಸಲಾಡ್ ಮೇಲೆ ಪುಡಿ ಮಾಡಿ ಉದುರಿಸಲೋ, ಪಿಜ್ಜಾ ಮೇಲೆ ಕರಗಲೋ? ಮೂರಕ್ಕೂ ಹಾಲು ಒಂದೇ, ದಾರಿ ಬೇರೆ ಬೇರೆ.

ಹಾಲು: ಅರ್ಧ ಕೆಲಸ ಇಲ್ಲಿಯೇ

ಒಣ ಸೋಯಾ ಕಾಳಿನಲ್ಲಿ ಶೇ. 35 ರಿಂದ 40 ಪ್ರೋಟೀನು, ಶೇ. 20 ರಷ್ಟು ಎಣ್ಣೆ ಇರುತ್ತದೆ. ಇದರಲ್ಲಿ ಆದಷ್ಟನ್ನು ನೀರಿಗೆ ಇಳಿಸಿಕೊಳ್ಳಬೇಕು, ಹಸಿ ವಾಸನೆ ಹುಟ್ಟದಂತೆಯೂ ನೋಡಿಕೊಳ್ಳಬೇಕು. ಆ ವಾಸನೆ ಕಾಳಿನಲ್ಲಿ ಮೊದಲಿನಿಂದ ಇರುವುದಲ್ಲ. ಕಾಳು ಒಡೆದು ನೀರು ಮತ್ತು ಗಾಳಿ ತಾಗಿದ ಕೂಡಲೇ ಲಿಪಾಕ್ಸಿಜನೇಸ್ ಎಂಬ ಕಿಣ್ವ ಎಣ್ಣೆಯ ಮೇಲೆ ಕೆಲಸ ಶುರು ಮಾಡುತ್ತದೆ, ವಾಸನೆ ಹುಟ್ಟುವುದು ಆಗ. ತಣ್ಣೀರಿನಲ್ಲಿ ರುಬ್ಬಿದರೆ ಕೆಲವೇ ಕ್ಷಣಗಳಲ್ಲಿ ಬಂದುಬಿಡುತ್ತದೆ. ಒಮ್ಮೆ ಬಂದ ಮೇಲೆ ಎಷ್ಟು ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ರುಬ್ಬುವ ಮೊದಲೇ ಬಿಸಿಯಿಂದ ಆ ಕಿಣ್ವವನ್ನು ಅಡಗಿಸಬೇಕು. ಇಡೀ ವಿಧಾನದಲ್ಲಿ ನಾನು ಎಂದೂ ಬಿಡದ ಹೆಜ್ಜೆ ಇದೊಂದು.

250 ಗ್ರಾಂ ಕಾಳನ್ನು ಚೆನ್ನಾಗಿ ತೊಳೆದು ಧಾರಾಳ ನೀರಿನಲ್ಲಿ 8 ರಿಂದ 10 ಗಂಟೆ ನೆನೆಸಿ. ಸೆಕೆಯಿದ್ದರೆ 6 ರಿಂದ 8 ಗಂಟೆ ಸಾಕು, ನಡುವೆ ಒಮ್ಮೆ ನೀರು ಬದಲಿಸಿ. ಸರಿಯಾಗಿ ನೆಂದಿದೆಯೋ ಎಂದು ತಿಳಿಯಲು ಒಂದು ಕಾಳನ್ನು ಉಗುರಿನಿಂದ ಎರಡು ಬೇಳೆಯಾಗಿ ಬಿಡಿಸಿ ಒಳಮೈ ನೋಡಿ. ನಡುವೆ ತಗ್ಗು ಇದ್ದರೆ ಇನ್ನೂ ಸಮಯ ಬೇಕು, ಸಮತಟ್ಟಾಗಿದ್ದರೆ ಆಯಿತು. ಆಗ ಕಾಳಿನ ತೂಕವೂ ಎರಡು ಪಟ್ಟು ದಾಟಿರುತ್ತದೆ. ಎರಡು ಅಂಗೈ ನಡುವೆ ಉಜ್ಜಿದರೆ ಸಿಪ್ಪೆ ಬಿಟ್ಟು ಮೇಲೆ ತೇಲುತ್ತದೆ, ಅದನ್ನು ಚೆಲ್ಲಿ. ಎಲ್ಲ ಸಿಪ್ಪೆಯೂ ಹೋಗಬೇಕೆಂದೇನಿಲ್ಲ, ಹೋದಷ್ಟೂ ಹಾಲು ನಯವಾಗುತ್ತದೆ.

ಈಗ ನೆನೆದ ಕಾಳನ್ನು ಕುದಿಯುವ ನೀರಿಗೆ ಹಾಕಿ 4 ನಿಮಿಷ ಇಟ್ಟು ಬಸಿಯಿರಿ. ಇದಕ್ಕಿಂತ ಹೆಚ್ಚು ಹೊತ್ತು ಬೇಯಿಸಿದರೆ ಪ್ರೋಟೀನು ಕಾಳಿನೊಳಗೇ ಗಟ್ಟಿಯಾಗಿ ಹಾಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಒಟ್ಟು 1.75 ಲೀಟರ್ ನೀರು ಅಳೆದಿಟ್ಟುಕೊಂಡು, ಅದರಲ್ಲಿ ಸ್ವಲ್ಪ ಸ್ವಲ್ಪ ಸೇರಿಸುತ್ತಾ, ಕಾಳನ್ನು ಮೂರ್ನಾಲ್ಕು ಸಲಕ್ಕೆ ಹಂಚಿಕೊಂಡು ನುಣ್ಣಗೆ ರುಬ್ಬಿ. ಕುಡಿಯುವ ಸೋಯಾ ಹಾಲಿಗೆ ಕಾಳಿನ ಹತ್ತು ಪಟ್ಟು ನೀರು ಹಾಕುವುದುಂಟು, ಚೀಸಿಗೆ ಏಳು ಪಟ್ಟು ಮೀರಬಾರದು. ಬಿಸಿ ಪದಾರ್ಥವನ್ನು ಮಿಕ್ಸಿಯಲ್ಲಿ ಮುಚ್ಚಿ ತಿರುಗಿಸಿದರೆ ಹಬೆ ಕಟ್ಟಿಕೊಂಡು ಮುಚ್ಚಳ ಹಾರುತ್ತದೆ. ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳದ ಮೇಲೆ ಮಡಚಿದ ಬಟ್ಟೆ ಒತ್ತಿ ಹಿಡಿಯಿರಿ.

ರುಬ್ಬಿದ್ದನ್ನು ತೆಳು ಬಟ್ಟೆಯಲ್ಲಿ ಸೋಸಿ, ಹಿಪ್ಪೆ ಒಣಗಿದಂತಾಗುವವರೆಗೆ ಹಿಂಡಿ. ಕೈಗೆ ಸುಡುವ ಹಾಗಿದ್ದರೆ ಸೌಟಿನ ಹಿಂಬದಿಯಿಂದ ಒತ್ತಿ. ಸುಮಾರು ಒಂದೂವರೆ ಲೀಟರ್ ಹಾಲು ಸಿಗುತ್ತದೆ. ಹಿಪ್ಪೆಯನ್ನು ಎಸೆಯಬೇಡಿ. ನಾರು, ಪ್ರೋಟೀನು ಅದರಲ್ಲೂ ಉಳಿದಿರುತ್ತದೆ. ಬೇಯಿಸಿ ಬ್ರೆಡ್ ಹಿಟ್ಟಿಗೋ ಕಟ್ಲೆಟ್ಟಿಗೋ ಸೇರಿಸಬಹುದು. ಆದರೆ ಬೇಗ ಹುಳಿಯುವುದರಿಂದ ಅಂದೇ ಬಳಸಿ.

ಹಾಲನ್ನು ದಪ್ಪ ತಳದ, ಅಗಲ ಬಾಯಿಯ ಪಾತ್ರೆಯಲ್ಲಿ ಕಾಯಿಸಿ. ಪಾತ್ರೆ ಅರ್ಧ ಖಾಲಿ ಇರಲಿ. 80 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಿದ್ದಂತೆ ನೊರೆ ಒಮ್ಮೆಲೇ ಉಕ್ಕಿ ಬರುತ್ತದೆ. ಇದನ್ನೇ ಕುದಿ ಎಂದುಕೊಂಡು ಒಲೆ ಆರಿಸುವವರು ಬಹಳ. ಅದು ಕುದಿಯಲ್ಲ, ಬರೀ ನೊರೆ. ಉರಿ ಸಣ್ಣ ಮಾಡಿ ನೊರೆ ತೆಗೆದು, ನಿಜವಾಗಿ ಕುದಿ ಬಂದ ಮೇಲೆ ತಳ ಕೆದಕುತ್ತಾ ಇನ್ನೂ 12 ರಿಂದ 15 ನಿಮಿಷ ಕುದಿಸಿ. ರುಚಿಯ ಮಾತು ಹಾಗಿರಲಿ, ಹಸಿ ಸೋಯಾದಲ್ಲಿ ನಮ್ಮ ಜೀರ್ಣಕಿಣ್ವಗಳನ್ನೇ ತಡೆಯುವ ಟ್ರಿಪ್ಸಿನ್ ಪ್ರತಿಬಂಧಕಗಳಿರುತ್ತವೆ. ಅರೆಬೆಂದ ಸೋಯಾ ಹಾಲು ಕುಡಿದರೆ ಹೊಟ್ಟೆ ತೊಳೆಸಿ ವಾಂತಿಯಾಗಬಹುದು.

ಅಂಗಡಿಯ ಸೋಯಾ ಹಾಲಿನಿಂದಲೂ ಮಾಡಬಹುದು. ಪೊಟ್ಟಣದ ಮೇಲೆ ಸೋಯಾ ಕಾಳು ಮತ್ತು ನೀರು ಎರಡೇ ಬರೆದಿರಬೇಕು, 100 ಮಿಲಿಯಲ್ಲಿ ಕನಿಷ್ಠ 3 ಗ್ರಾಂ ಪ್ರೋಟೀನು ಇರಬೇಕು. ಗೋಂದು, ಸಕ್ಕರೆ, ವೆನಿಲಾ ಬೆರೆತ ಹಾಲಿನಲ್ಲಿ ಗಡ್ಡೆ ಸರಿಯಾಗಿ ಕಟ್ಟುವುದಿಲ್ಲ.

ಮೊದಲ ಬಗೆ: ಹೆಪ್ಪು ಹಾಕಿದ, ಸವರುವ ಚೀಸ್

ಹೊಸದಾಗಿ ಕಲಿಯುವವರು ಇಲ್ಲಿಂದಲೇ ಶುರು ಮಾಡಲಿ ಎನ್ನುವುದು ನನ್ನ ಅಭಿಪ್ರಾಯ. ಮೂರರಲ್ಲಿ ಹೆಚ್ಚು ಸುಲಭ ಇದೇ, ರುಚಿಯಲ್ಲಿ ಡೈರಿ ಚೀಸಿಗೆ ಹತ್ತಿರ ಬರುವುದೂ ಇದೇ. ಹುಳಿ ಇಲ್ಲಿ ನಿಂಬೆಯಿಂದ ಬರುವುದಲ್ಲ, ಬ್ಯಾಕ್ಟೀರಿಯಾದಿಂದ ಬರುವುದು. ಆ ಹುಳಿಗೆ ಒಂದು ಆಳವಿದೆ.

ಒಂದು ಲೀಟರ್ ಹಾಲನ್ನು 42 ಡಿಗ್ರಿಗೆ ಆರಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಬೆರಳು ಅದ್ದಿ ನೋಡಿ: ಬಿಸಿ ಎನಿಸಬೇಕು, ಆದರೆ ಹತ್ತು ಎಣಿಸುವವರೆಗೆ ಹಿಡಿದಿರಲು ಆಗಬೇಕು. ಸೋಯಾ ಹಾಲಿನಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇಲ್ಲ, ಸುಕ್ರೋಸ್ (ಸಾದಾ ಸಕ್ಕರೆ) ಸ್ವಲ್ಪ ಇದೆ. ಬ್ಯಾಕ್ಟೀರಿಯಾಕ್ಕೆ ಆಸರೆಯಾಗಲೆಂದು ಒಂದು ಟೀ ಚಮಚ ಸಕ್ಕರೆ ಕರಗಿಸಿ. ಸಾದಾ ಸೋಯಾ ಮೊಸರು ಮೂರು ದೊಡ್ಡ ಚಮಚ, ಇಲ್ಲವೇ ಹಾಲಿನ ಅಂಶವಿಲ್ಲದ ಲ್ಯಾಕ್ಟಿಕ್ ಹೆಪ್ಪಿನ ಪುಡಿ ಬೆರೆಸಿ. ಡೈರಿ ಮೊಸರಿನಿಂದಲೂ ಹೆಪ್ಪುಗಟ್ಟುತ್ತದೆ, ಆದರೆ ತಿನ್ನುವವರಲ್ಲಿ ಯಾರಿಗಾದರೂ ಹಾಲಿನ ಅಲರ್ಜಿ ಇದ್ದರೆ ಅದನ್ನು ಬಳಸಲೇಬಾರದು.

40 ರಿಂದ 43 ಡಿಗ್ರಿಯಲ್ಲಿ 8 ರಿಂದ 10 ಗಂಟೆ ಅಲುಗಾಡಿಸದೆ ಇಡಿ. ಹುಳಿ ಏರಿ ಅದರ ಅಳತೆಯಾದ ಪಿಎಚ್ 4.5 ರ ಆಸುಪಾಸಿಗೆ ಇಳಿದಾಗ ಸೋಯಾ ಪ್ರೋಟೀನು ನೀರಿನಲ್ಲಿ ನಿಲ್ಲಲಾರದೆ ಗಟ್ಟಿಯಾಗುತ್ತದೆ. ಅಳೆಯುವ ಉಪಕರಣ ಬೇಕಿಲ್ಲ, ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿ. ಇಡೀ ಗಡ್ಡೆ ಒಂದಾಗಿ ಅಂಚು ಬಿಟ್ಟು ಜಾರಿ, ಆ ಸಂದಿನಲ್ಲಿ ತಿಳಿ ಹಳದಿ ನೀರು ಕಂಡರೆ ಆಯಿತು. ಹಾಲಿನಂಥ ಬಿಳಿ ನೀರು ಕಂಡರೆ ಇನ್ನೆರಡು ಗಂಟೆ ಬಿಡಿ.

ಈ ಮೊಸರನ್ನು ಎರಡು ಪದರ ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ಫ್ರಿಜ್ಜಿನಲ್ಲಿ 12 ರಿಂದ 24 ಗಂಟೆ ನೀರು ಇಳಿಯಲು ಬಿಡಿ. ಕೊನೆಯಲ್ಲಿ ಸುಮಾರು 350 ಗ್ರಾಂ ಉಳಿಯುತ್ತದೆ. ಇದನ್ನು ಹಾಗೇ ತಿಂದರೆ ತೆಳ್ಳಗೆ, ಸ್ವಲ್ಪ ಸುಣ್ಣದಂತೆ ಅನಿಸುತ್ತದೆ, ಏಕೆಂದರೆ ಕೊಬ್ಬು ಸಾಲದು. ಡೈರಿಯ ಕ್ರೀಮ್ ಚೀಸಿನಲ್ಲಿ ಮೂರನೇ ಒಂದು ಭಾಗದಷ್ಟು ಕೊಬ್ಬೇ ಇರುತ್ತದೆ. ಆದ್ದರಿಂದ ನಮ್ಮ ಗಡ್ಡೆಗೆ ವಾಸನೆ ತೆಗೆದ ಕೊಬ್ಬರಿ ಎಣ್ಣೆ 50 ಗ್ರಾಂ, ಉಪ್ಪು 5 ಗ್ರಾಂ, ಬಿಳಿ ಮಿಸೋ (ಸೋಯಾ ಹುದುಗಿಸಿ ಮಾಡುವ ಜಪಾನಿನ ಪೇಸ್ಟ್) ಒಂದು ದೊಡ್ಡ ಚಮಚ ಸೇರಿಸಿ ಮಿಕ್ಸಿಯಲ್ಲಿ ಬೆಣ್ಣೆಯಂತಾಗುವವರೆಗೆ ತಿರುಗಿಸಿ. ತಿರುಗಿಸುವ ಮೊದಲು ಮೊಸರಿನ ಗಡ್ಡೆಗೆ ಫ್ರಿಜ್ಜಿನ ತಂಪು ಇಳಿದಿರಲಿ, ಎಣ್ಣೆ ಉಗುರುಬೆಚ್ಚಗಿರಲಿ. ಐಸಿನಂಥ ಗಡ್ಡೆಗೆ ಎಣ್ಣೆ ಸುರಿದರೆ ಅದು ಅಲ್ಲಲ್ಲೇ ಹೆಪ್ಪುಗಟ್ಟಿ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ. ಡಬ್ಬಿಗೆ ತುಂಬಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಚಾಕುವಿನಿಂದ ಸವರುವ ಹದಕ್ಕೆ ಬರುತ್ತದೆ. ಬೆಳ್ಳುಳ್ಳಿ, ಕಾಳುಮೆಣಸು, ಸೊಪ್ಪು ನಿಮ್ಮಿಷ್ಟ, ಆದರೆ ಹಾಕುವುದಿದ್ದರೆ ತಿನ್ನುವ ದಿನವೇ ಹಾಕಿ.

ಎರಡನೇ ಬಗೆ: ಒತ್ತಿ, ಉಪ್ಪುನೀರಿನಲ್ಲಿಟ್ಟ ಚೀಸ್

ಗ್ರೀಸ್ ದೇಶದ ಫೆಟಾ ಚೀಸಿನ ಹಾಗೆ ಪುಡಿಯಾಗುವ ಚೀಸ್ ಬೇಕಾದವರಿಗೆ ಇದು. ಒಂದೂವರೆ ಲೀಟರ್ ಹಾಲನ್ನು ಪೂರ್ತಿ ಬಳಸಿ.

ಹಾಲು ಒಡೆಸಲು ಏನು ಹಾಕುತ್ತೀರಿ ಎನ್ನುವುದರ ಮೇಲೆ ಚೀಸಿನ ಮೈಕಟ್ಟು ನಿಂತಿದೆ. ಜಿಪ್ಸಮ್, ಅಂದರೆ ಆಹಾರಕ್ಕೆ ಬಳಸುವ ಕ್ಯಾಲ್ಸಿಯಂ ಸಲ್ಫೇಟ್, ನಿಧಾನವಾಗಿ ಕೆಲಸ ಮಾಡಿ ಮೆದುವಾದ, ನೀರು ಹಿಡಿದ ಗಡ್ಡೆ ಕೊಡುತ್ತದೆ, ಜೊತೆಗೆ ಕ್ಯಾಲ್ಸಿಯಮ್ಮೂ ಸಿಗುತ್ತದೆ. ಜಪಾನಿನಲ್ಲಿ ನಿಗಾರಿ ಎನ್ನುವ ಮೆಗ್ನೀಸಿಯಂ ಕ್ಲೋರೈಡ್ ಥಟ್ಟನೆ ಒಡೆಸುತ್ತದೆ, ರುಚಿಯಲ್ಲಿ ಸಣ್ಣ ಸಿಹಿ ಇರುತ್ತದೆ, ಹೆಚ್ಚಾದರೆ ಕಹಿ. ನಿಂಬೆರಸ ಅಥವಾ ವಿನೆಗರ್‌ನಿಂದ ಗಡ್ಡೆ ಉದುರುದುರಾಗಿ, ಹುಳಿಯಾಗಿ ಬರುತ್ತದೆ. ಟೋಫುವಿನಲ್ಲಿ (ಸೋಯಾ ಪನೀರಿನಲ್ಲಿ) ಅದು ದೋಷ, ಫೆಟಾದಂಥ ಚೀಸಿಗೆ ಬೇಕಾದದ್ದೇ ಅದು. ಇಲ್ಲಿ ನನ್ನ ಆಯ್ಕೆ ನಿಂಬೆ.

ನಾಲ್ಕು ದೊಡ್ಡ ಚಮಚ ನಿಂಬೆರಸವನ್ನು ಒಂದು ಲೋಟ ಬೆಚ್ಚನೆಯ ನೀರಿಗೆ ಬೆರೆಸಿಟ್ಟುಕೊಳ್ಳಿ. ಕುದಿಸಿದ ಹಾಲು 80 ರಿಂದ 85 ಡಿಗ್ರಿಗೆ ಇಳಿಯಲಿ. ಸೌಟಿನಿಂದ ಹಾಲನ್ನು ಒಂದು ಸುತ್ತು ತಿರುಗಿಸಿ, ತಿರುಗುತ್ತಿರುವಾಗಲೇ ನಿಂಬೆನೀರಿನ ಮೂರನೇ ಒಂದು ಪಾಲು ಸುರಿದು, ಸೌಟನ್ನು ನೆಟ್ಟಗೆ ಹಿಡಿದು ಹಾಲಿನ ಓಟ ನಿಲ್ಲಿಸಿ. ಮುಚ್ಚಿಡಿ. ಐದು ನಿಮಿಷದ ನಂತರ ಎರಡನೇ ಪಾಲನ್ನು ಮೇಲೆ ಚಿಮುಕಿಸಿ, ಕಲಕಬೇಡಿ. ಮತ್ತೆ ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಬಿಳಿ ಮೋಡದಂಥ ತುಣುಕುಗಳ ನಡುವೆ ನೀರು ಹಾಲಿನ ಬಣ್ಣ ಕಳೆದುಕೊಂಡು ತಿಳಿಯಾಗುತ್ತಿರುವುದು ಕಾಣುತ್ತದೆ. ಪೂರ್ತಿ ತಿಳಿಯಾಗಿದ್ದರೆ ಮೂರನೇ ಪಾಲು ಬೇಡ. ಒಂದೇ ಸಲಕ್ಕೆ ಎಲ್ಲವನ್ನೂ ಸುರಿದು ಕಲಕಿದರೆ ಗಡ್ಡೆ ಪುಡಿಪುಡಿಯಾಗಿ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಒಳಗೆ ಒಣಕಲಾಗುತ್ತದೆ. ಈ ಹತ್ತು ಹದಿನೈದು ನಿಮಿಷದ ತಾಳ್ಮೆ ಇಡೀ ಚೀಸಿನಲ್ಲಿ ಕಾಣುತ್ತದೆ.

ತೂತಿನ ಪಾತ್ರೆಗೆ ಒದ್ದೆ ಬಟ್ಟೆ ಹಾಸಿ ಗಡ್ಡೆಯನ್ನು ಸೌಟಿನಿಂದ ಮೆಲ್ಲಗೆ ತುಂಬಿ, ಬಟ್ಟೆ ಮಡಚಿ. ಮೊದಲ ಕಾಲು ಗಂಟೆ ಅರ್ಧ ಕಿಲೋ ಭಾರ, ಆಮೇಲೆ ಎರಡು ಗಂಟೆ ಒಂದೂವರೆ ಕಿಲೋ. ಮೊದಲೇ ದೊಡ್ಡ ಭಾರ ಹೇರಿದರೆ ಹೊರಗೆ ಸಿಪ್ಪೆಗಟ್ಟಿ ಒಳಗಿನ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಟ್ಟಿಯಾದದ್ದನ್ನು ಎರಡು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ.

ಒಂದು ಲೀಟರ್ ನೀರಿಗೆ 80 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿ, ಎರಡು ದೊಡ್ಡ ಚಮಚ ವಿನೆಗರ್ ಸೇರಿಸಿ. ತುಂಡುಗಳನ್ನು ಶುಚಿಯಾದ ಗಾಜಿನ ಬಾಟಲಿಗೆ ಹಾಕಿ, ಪೂರ್ತಿ ಮುಳುಗುವಂತೆ ಇದನ್ನು ಸುರಿದು ಫ್ರಿಜ್ಜಿನಲ್ಲಿಡಿ. ಮೊದಲ ದಿನ ಉಪ್ಪು ಹೊರಮೈಯಲ್ಲೇ ಇರುತ್ತದೆ. ಮೂರನೇ ದಿನದ ಹೊತ್ತಿಗೆ ಒಳಗಿಳಿದು, ಬೆರಳಿನ ನಡುವೆ ಒತ್ತಿದರೆ ತೇವದ ಹರಳುಗಳಾಗಿ ಒಡೆಯುತ್ತದೆ. ಎರಡು ವಾರದೊಳಗೆ ಮುಗಿಸಿ.

ಎಣ್ಣೆಯಲ್ಲಿ ಬೆಳ್ಳುಳ್ಳಿ, ಸೊಪ್ಪಿನ ಜೊತೆ ಮುಳುಗಿಸಿಡುವ ಪದ್ಧತಿಯೂ ಇದೆ. ನೋಡಲು ಚಂದ, ತಿನ್ನಲೂ ಚೆನ್ನ. ಆದರೆ ಗಾಳಿಯಾಡದ ಎಣ್ಣೆಯೊಳಗೆ ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ವಿಷಕ್ಕೆ ಬಣ್ಣವಿಲ್ಲ, ವಾಸನೆಯೂ ಇರಬೇಕೆಂದಿಲ್ಲ. ಎಣ್ಣೆಯಲ್ಲಿಟ್ಟ ಚೀಸನ್ನು ಹೊರಗಿಡಲೇಬೇಡಿ, ಫ್ರಿಜ್ಜಿನಲ್ಲೂ ನಾಲ್ಕು ದಿನ ಮೀರಿಸಬೇಡಿ.

ಮೂರನೇ ಬಗೆ: ಕರಗುವ ಚೀಸ್

ಸೋಯಾ ಪ್ರೋಟೀನು ಕರಗದು ಎಂದ ಮೇಲೆ ಕರಗುವ ಕೆಲಸವನ್ನು ಬೇರೆಯವುಗಳಿಗೆ ಒಪ್ಪಿಸಬೇಕು. ಎಳೆ ಬರಲು ಟ್ಯಾಪಿಯೋಕಾ ಪಿಷ್ಟ, ಅಂದರೆ ಮರಗೆಣಸಿನದು. ತಣ್ಣಗೆ ಗಟ್ಟಿಯಾಗಿ ಬಿಸಿಗೆ ಸಡಿಲವಾಗಲು ಕಪ್ಪಾ ಕ್ಯಾರಗೀನನ್, ಅಂದರೆ ಕೆಂಪು ಕಡಲಪಾಚಿಯಿಂದ ತೆಗೆದ ಪುಡಿ. ಬಾಯಲ್ಲಿ ಕರಗುವ ಅನುಭವಕ್ಕೆ ಕೊಬ್ಬರಿ ಎಣ್ಣೆ. ಸೋಯಾ ಹಾಲು ಇವನ್ನೆಲ್ಲ ಒಟ್ಟಿಗೆ ಹಿಡಿದಿಡುತ್ತದೆ. ಕ್ಯಾರಗೀನನ್ ಬದಲು ಅಗರ್ ಅಗರ್ ಹಾಕಿದರೆ ಹೋಳು ಚೆನ್ನಾಗಿ ಬರುತ್ತದೆ, ಆದರೆ ಅದು ಕರಗಲು 85 ಡಿಗ್ರಿ ಬೇಕು, ಕರಗಿದಾಗಲೂ ನೀರಾಗಿ ಹರಿಯುತ್ತದೆ. ಸ್ಯಾಂಡ್‌ವಿಚ್ಚಿಗೆ ಅಗರ್ ಸಾಕು, ಪಿಜ್ಜಾಕ್ಕೆ ಸಾಲದು.

400 ಮಿಲಿ ತಣ್ಣನೆಯ ಸೋಯಾ ಹಾಲು, ಟ್ಯಾಪಿಯೋಕಾ ಪಿಷ್ಟ ನಾಲ್ಕು ದೊಡ್ಡ ಚಮಚ, ಕ್ಯಾರಗೀನನ್ ಎರಡು ಟೀ ಚಮಚ, ಕೊಬ್ಬರಿ ಎಣ್ಣೆ 60 ಗ್ರಾಂ, ಉಪ್ಪು ಒಂದು ಟೀ ಚಮಚ, ನ್ಯೂಟ್ರಿಷನಲ್ ಯೀಸ್ಟ್ (ಚೀಸಿನಂಥ ರುಚಿ ಕೊಡುವ, ಹುದುಗು ಬರಿಸದ ಒಣ ಯೀಸ್ಟ್) ಎರಡು ದೊಡ್ಡ ಚಮಚ, ಮಿಸೋ ಎರಡು ಟೀ ಚಮಚ. ಎಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ತಣ್ಣಗಿರುವಾಗಲೇ ಮಿಕ್ಸಿಯಲ್ಲಿ ತಿರುಗಿಸಿ. ಬಿಸಿ ಹಾಲಿಗೆ ಕ್ಯಾರಗೀನನ್ ಬಿದ್ದರೆ ಗಂಟುಗಟ್ಟುತ್ತದೆ. ಮಧ್ಯಮ ಉರಿಯಲ್ಲಿಟ್ಟು, ಎಣ್ಣೆ ಸೇರಿಸಿ, ಕೈ ಬಿಡದೆ ತಿರುವಿ. ಮೊದಲು ಗಂಟು ಗಂಟಾಗಿ ಕೆಟ್ಟುಹೋದಂತೆ ಕಾಣುತ್ತದೆ, ಹೆದರಬೇಡಿ. 80 ಡಿಗ್ರಿ ದಾಟಿದ ಮೇಲೆ ಗಂಟು ಕರಗಿ, ಹೊಳಪು ಬಂದು, ಸೌಟೆತ್ತಿದರೆ ಪಟ್ಟಿಯಂತೆ ಎಳೆದು ಬೀಳುತ್ತದೆ. ಇನ್ನೆರಡು ನಿಮಿಷ ಬೇಯಿಸಿ ಇಳಿಸಿ, ಒಂದು ಟೀ ಚಮಚ ನಿಂಬೆರಸವನ್ನು ಆಗ ಬೆರೆಸಿ. ಒಲೆಯ ಮೇಲಿರುವಾಗಲೇ ಹುಳಿ ಹಾಕಿದರೆ ಹಾಲು ಒಡೆಯುತ್ತದೆ, ಕ್ಯಾರಗೀನನ್ ಬಲವೂ ಕುಂದುತ್ತದೆ. ಎಣ್ಣೆ ಸವರಿದ ಡಬ್ಬಿಗೆ ಕೂಡಲೇ ಸುರಿಯಿರಿ, ತಡ ಮಾಡಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಆರು ಗಂಟೆ ಫ್ರಿಜ್ಜಿನಲ್ಲಿಟ್ಟ ಮೇಲೆ ತುರಿಯಬಹುದು. ಪಿಜ್ಜಾ ಮೇಲೆ ಹಾಕುವಾಗ ತುರಿಗೆ ಒಂದೆರಡು ಹನಿ ನೀರು ಚಿಮುಕಿಸಿ, ಇಲ್ಲದಿದ್ದರೆ ಕರಗುವ ಮೊದಲೇ ಮೇಲ್ಮೈ ಒಣಗುತ್ತದೆ.

ಮಾಗಿಸುವ ಆಸೆ ಇದ್ದರೆ

ಸೋಯಾದಿಂದ ಮಾಗಿದ ಚೀಸ್ ಮಾಡುವ ಯತ್ನ ಹೊಸದಲ್ಲ. 1910 ರ ಸುಮಾರಿಗೇ ಪ್ಯಾರಿಸ್ ಹತ್ತಿರ ಸೋಯಾ ಕಾರ್ಖಾನೆ ನಡೆಸುತ್ತಿದ್ದ ಚೀನಾದ ಲಿ ಯುಯಿಂಗ್, ಫ್ರೆಂಚ್ ಚೀಸುಗಳ ಮಾದರಿಯಲ್ಲಿ ಸೋಯಾ ಚೀಸ್ ತಯಾರಿಸಿದ್ದರು. ಆದರೂ ಹಳೆಯ ಚೆಡಾರಿನ ಘಮವನ್ನು ಸೋಯಾದಲ್ಲಿ ಹುಡುಕಬೇಡಿ ಎನ್ನುತ್ತೇನೆ. ಡೈರಿ ಚೀಸಿನ ಆ ಘಮದಲ್ಲಿ ದೊಡ್ಡ ಪಾಲು ಹಾಲಿನ ಕೊಬ್ಬಿನಲ್ಲಿರುವ ಬ್ಯುಟಿರಿಕ್‌ನಂಥ ಚಿಕ್ಕ ಕೊಬ್ಬಿನಾಮ್ಲಗಳದು. ಸೋಯಾ ಎಣ್ಣೆಯಲ್ಲಿ ಅವು ಇಲ್ಲ. ಸೋಯಾದ ಸಂಪತ್ತು ಬೇರೆ: ಅದರ ಪ್ರೋಟೀನಿನಲ್ಲಿ ಗ್ಲುಟಾಮಿಕ್ ಆಮ್ಲ ಹೇರಳ, ಅದು ಬಿಡುಗಡೆಯಾದಾಗ ಬಾಯಿ ತುಂಬುವ ಉಮಾಮಿ ರುಚಿ ಬರುತ್ತದೆ. ಮೇಲಿನ ವಿಧಾನಗಳಲ್ಲಿ ಮಿಸೋ ಮತ್ತೆ ಮತ್ತೆ ಬಂದದ್ದು ಅದಕ್ಕೇ. ಚೀನೀಯರ ಫುರು ಈ ದಾರಿಯಲ್ಲೇ ಬೆಳೆದದ್ದು. ಟೋಫು ತುಂಡುಗಳ ಮೇಲೆ ಆಕ್ಟಿನೋಮ್ಯೂಕರ್‌ನಂಥ ಬೂಷ್ಟು ಬೆಳೆಸಿ, ಉಪ್ಪು ಮತ್ತು ಮದ್ಯದಲ್ಲಿ ತಿಂಗಳುಗಟ್ಟಲೆ ಮಾಗಿಸಿದ ಅದು ಚಾಕುವಿಗೆ ಬೆಣ್ಣೆಯಂತೆ ಸಿಗುತ್ತದೆ. ಅದನ್ನು ಕೊಂಡು ರುಚಿ ನೋಡಿ, ಮನೆಯಲ್ಲಿ ಅಂದಾಜಿನ ಮೇಲೆ ಮಾಡಬೇಡಿ. ಮನೆಯಲ್ಲಿ ಹುದುಗಿಸಿದ ಟೋಫುವಿನಿಂದ ಬಾಟ್ಯುಲಿಸಂ ಆದ ಪ್ರಕರಣಗಳು ದಾಖಲಾಗಿವೆ.

ತಿನ್ನುವ ಮುನ್ನ

ಸೋಯಾ ಚೀಸಿನಲ್ಲಿ ಲ್ಯಾಕ್ಟೋಸ್ ಇಲ್ಲ, ಕೊಲೆಸ್ಟರಾಲ್ ಇಲ್ಲ. ಬಿ12 ಜೀವಸತ್ವವೂ ಇಲ್ಲ. ಡೈರಿ ಪೂರ್ತಿ ಬಿಟ್ಟವರು ಅದನ್ನು ಬೇರೆಡೆಯಿಂದ ಪಡೆಯಲೇಬೇಕು. ಕ್ಯಾಲ್ಸಿಯಂ ಬೇಕಿದ್ದರೆ ಎರಡನೇ ಬಗೆಯನ್ನು ನಿಂಬೆ ಬಿಟ್ಟು 6 ಗ್ರಾಂ ಜಿಪ್ಸಮ್‌ನಿಂದ ಮಾಡಿ, ಗಡ್ಡೆ ಮೆದುವಾದರೂ ಚಿಂತೆಯಿಲ್ಲ. ಪ್ರೋಟೀನಿನ ಲೆಕ್ಕದಲ್ಲಿ ಮೊದಲೆರಡು ಬಗೆ ಒಳ್ಳೆಯವು, ಮೂರನೆಯದರಲ್ಲಿ ಪಿಷ್ಟ, ಎಣ್ಣೆಯದೇ ಕಾರುಬಾರು. ಸೋಯಾ ಅಲರ್ಜಿ ಇರುವವರಿಗೆ ಇದು ಯಾವ ರೂಪದಲ್ಲೂ ಬೇಡ. ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ಸೋಯಾಕ್ಕೂ ಕೆಲವು ಗಂಟೆ ಅಂತರ ಇಡಬೇಕು, ಸೋಯಾ ಅದರ ಹೀರಿಕೆಯನ್ನು ತಗ್ಗಿಸುತ್ತದೆ.

ಅಂಗಡಿಯಿಂದ ತರುವಾಗ ಮುಂಬದಿಯ ದೊಡ್ಡ ಅಕ್ಷರ ನಂಬದೆ ಹಿಂಬದಿ ಓದಿ. ಕರಗಲೆಂದು ಕೆಸೀನ್ ಅಥವಾ ಕೆಸಿನೇಟ್ ಬೆರೆಸಿದ ಸೋಯಾ ಚೀಸುಗಳೂ ಮಾರಾಟವಾಗಿವೆ. ಲ್ಯಾಕ್ಟೋಸ್ ಇಲ್ಲ ಎಂದರೆ ಹಾಲಿನ ಪ್ರೋಟೀನು ಇಲ್ಲ ಎಂದರ್ಥವಲ್ಲ.

ಮನೆಯ ಚೀಸ್ ಫ್ರಿಜ್ಜಿನಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿರಲಿ. ಸವರುವುದು ಒಂದು ವಾರ, ಕರಗುವುದು ಏಳೆಂಟು ದಿನ ಚೆನ್ನಾಗಿರುತ್ತದೆ. ಕರಗುವುದನ್ನು ತುರಿದು ಫ್ರೀಜರಿನಲ್ಲಿಡಬಹುದು. ಒತ್ತಿದ ಚೀಸನ್ನು ಫ್ರೀಜರಿನಲ್ಲಿಟ್ಟರೆ ಸ್ಪಂಜಿನಂತಾಗುತ್ತದೆ. ಗುಲಾಬಿ, ಕಿತ್ತಳೆ, ಕಪ್ಪು ಚುಕ್ಕೆ ಕಂಡರೆ, ಲೋಳೆ ಕಟ್ಟಿದರೆ, ಮುಚ್ಚಳ ಉಬ್ಬಿದರೆ, ಆ ಭಾಗ ಮಾತ್ರ ಕೆತ್ತಿ ಉಳಿದದ್ದನ್ನು ತಿನ್ನುವ ಲೆಕ್ಕ ಬೇಡ, ಇಡೀ ಡಬ್ಬಿಯನ್ನೇ ಚೆಲ್ಲಿ.